ಅಡ್ಡಬಿಲ್ಲು ಮತ್ತು ಮೊಲ

(ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾವು ಮಾತನಾಡಬೇಕಾಗಿದ್ದುದು ಬೇರೊಂದು ವಿಷಯ. ಅದನ್ನು ಮುಂದಕ್ಕೆ ಹಾಕಿ ಬೇಟೆಯ ಮಾತನ್ನು ಎತ್ತಿಕೊಂಡಿದ್ದೇವೆ. ವಾಚನಾಲಯಕ್ಕೂ ಬೇಟೆಗೂ ಏನು ಸಂಬಂಧವೆಂದು ನಮ್ಮ ಗುಮಾಸ್ತ ಮಿತ್ರರು ಕೇಳಿಯಾರು. ಸಂಬಂಧ ಬಂದದ್ದು ಹೀಗೆ.

ಕೆಲವು ವಾರಗಳ ಹಿಂದೆ ಒಂದು ಭಾನುವಾರ ರಾತ್ರಿ, ಪತ್ರಿಕೆಗಳನ್ನು ಮಡಿಸಿಟ್ಟು ಬಾಗಿಲು ಹಾಕುವ ಹೊತ್ತಿನಲ್ಲಿ, ಋಷಿಕೊಂಡದ ಕಟ್ಟಡದ ಕೆಲಸಕ್ಕೆ ಬಂದಿರುವ ರಾಯಚೂರು ಕಡೆಯ ಹುಡುಗನೊಬ್ಬನು ಒಳಗೆ ಬಂದನು. ಅವನ ಹೆಸರು ಇಲ್ಲಿ ಬೇಡ. ಅವನ ಒಪ್ಪಿಗೆ ಪಡೆದೇ ಇಷ್ಟನ್ನು ಹೇಳುತ್ತಿದ್ದೇವೆ. ಅಂಗೈಗೆ ಮುಳ್ಳು ಗೀರಿತ್ತು, ಪಂಚೆಯೆಲ್ಲ ಕೆಂಪು ಮಣ್ಣು. ನೀರು ಕುಡಿದು ಕೂತವನು, "ಸರ, ಬಾಣ ತಾಗಿದ ಮೊಲ ಉಳೀತದೇನ್ರೀ?" ಎಂದು ಕೇಳಿದನು.

ಅವನು ಅಂಚೆಯಲ್ಲಿ ಒಂದು ಬಿಲ್ಲನ್ನು ತರಿಸಿದ್ದನು. ನಾವು ಪಟಗಳಲ್ಲಿ ನೋಡುವ ರಾಮನ ಬಿಲ್ಲಿನಂಥದಲ್ಲ. ಬಂದೂಕಿನ ಮರದಂಥ ಒಂದು ದಿಂಡು, ಅದರ ತುದಿಯಲ್ಲಿ ಅಡ್ಡಲಾಗಿ ಕೂರಿಸಿದ ಗಿಡ್ಡ ಬಿಲ್ಲು. ಹೆದೆಯನ್ನು ಎಳೆದು ಕೊಂಡಿಗೆ ಸಿಕ್ಕಿಸಿದರೆ ಅದು ಅಲ್ಲೇ ನಿಲ್ಲುತ್ತದೆ, ಕೈ ಸೋಲುವುದಿಲ್ಲ. ಬಾಣವನ್ನು ಗಾಡಿಯಲ್ಲಿಟ್ಟು, ಗುರಿ ಹಿಡಿದು, ಬಂದೂಕಿನಂತೆಯೇ ಕುದುರೆ ಎಳೆದರಾಯಿತು. ಜೊತೆಯ ಹುಡುಗರು ಇದನ್ನು ಅಡ್ಡಬಿಲ್ಲು ಎಂದು ಕರೆದಿದ್ದಾರೆ. ಹೆಸರು ಚೆನ್ನಾಗಿಯೇ ಇದೆ. ನಾವೂ ಅದನ್ನೇ ಇಟ್ಟುಕೊಳ್ಳುತ್ತೇವೆ.

ಇದನ್ನೇ ಏಕೆ ತರಿಸಿದೆ ಎಂದು ಕೇಳಿದೆವು. "ಸಪ್ಪಳ ಆಗಂಗಿಲ್ಲಲ್ರೀ ಸರ. ಬಂದೂಕಲ್ಲ, ಲೈಸೆನ್ಸ್ ಬೇಕಾಗಿಲ್ಲ, ಯಾರೂ ಏನೂ ಅನ್ನಂಗಿಲ್ಲ ಅಂತ ತಿಳಕೊಂಡಿದ್ದೆ" ಎಂದನು. ಅವನ ಈ ಒಂದು ಮಾತಿನಲ್ಲಿ ಎರಡು ತಪ್ಪುಗಳಿವೆ. ಒಂದು ಸಪ್ಪಳದ್ದು, ಇನ್ನೊಂದು ಕಾಯಿದೆಯದು. ಇಂದಿನ ಮಾತೆಲ್ಲ ಇವೆರಡರ ಸುತ್ತಲೇ.

ಮೊದಲು ಆ ದಿನ ಆದದ್ದನ್ನು ಹೇಳಿಬಿಡುತ್ತೇವೆ. ಮೂವರು ಹುಡುಗರು ಒಬ್ಬ ಮೇಸ್ತ್ರಿಯ ಮೋಟಾರುಸೈಕಲನ್ನು ಕೇಳಿ ಪಡೆದು, ಬೆಳಗ್ಗೆಯೇ ಗುಡ್ಡದ ಕುರುಚಲಿಗೆ ಹೋದರು. ಒಂದು ಮೊಲ ಎದ್ದು, ಸ್ವಲ್ಪ ದೂರ ಓಡಿ, ನಿಂತು, ಕಿವಿ ನಿಮಿರಿಸಿತು. ಮೂವತ್ತು ಮೀಟರು ಇದ್ದೀತು. ಇವನು ಭುಜದ ಸಂದಿಗೆ ಗುರಿಯಿಟ್ಟು ಕುದುರೆ ಎಳೆದನು. ಬಾಣ ತಾಗಿದ್ದು ಹಿಂಗಾಲಿನ ಮೇಲೆ. ಮೊಲ ಬಾಣವನ್ನು ಹೊತ್ತುಕೊಂಡೇ ಮುಳ್ಳಿನ ಮೆಳೆಗೆ ನುಗ್ಗಿತು. ಸಂಜೆಯವರೆಗೆ ಹುಡುಕಿದರು. ಅಲ್ಲಲ್ಲಿ ರಕ್ತದ ಹನಿ ಕಂಡಿತು, ಮೊಲ ಸಿಗಲಿಲ್ಲ.

ಗುರಿ ತಪ್ಪಿದ್ದು ಹುಡುಗನ ಕೈಯಿಂದಲೋ ಎಂದರೆ ಹಾಗೇನೂ ಅಲ್ಲ. ಇದನ್ನು ನಮ್ಮ ಇಂಜಿನಿಯರು ಮಿತ್ರರೊಬ್ಬರು ಸಿಗರೇಟಿನ ಪೊಟ್ಟಣದ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಅಡ್ಡಬಿಲ್ಲಿನ ಬಾಣ, ಬಿಲ್ಲು ಅಗ್ಗದ್ದಾದರೆ 60 ಮೀಟರು, ಬಹಳ ಬೆಲೆಯದಾದರೆ 100 ಮೀಟರಿನ ಆಸುಪಾಸು. ಮೂವತ್ತು ಮೀಟರು ದೂರದ ಮೊಲಕ್ಕೆ ಹೆದೆಯ ಟಂಕಾರವು ಸೆಕೆಂಡಿನ ಹನ್ನೊಂದನೆಯ ಒಂದು ಪಾಲಿನಲ್ಲಿ ಕೇಳಿಬಿಡುತ್ತದೆ. ಬಾಣ ಬರುವುದು ಅರ್ಧ ಸೆಕೆಂಡಿಗೆ. ನಡುವಿನ ಅಷ್ಟು ಹೊತ್ತು ಮೊಲಕ್ಕೆ ಒಂದು ನೆಗೆತಕ್ಕೆ ಧಾರಾಳ. ಆದ್ದರಿಂದ ಈ ಆಯುಧಕ್ಕೆ ಸಪ್ಪಳವಿಲ್ಲವೆಂಬುದು ಊರಿನ ಜನರ ಕಿವಿಗೆ ನಿಜ, ಮೊಲದ ಕಿವಿಗಲ್ಲ. ಇದರ ಮೇಲೆ, ಬಂದೂಕಿನ ಗುಂಡು ಬಡಿತದಿಂದಲೂ ಕೊಲ್ಲುತ್ತದೆ. ಬಾಣ ಕೊಯ್ದು ರಕ್ತ ಹರಿಸಿ ಕೊಲ್ಲುತ್ತದೆ. ತಾಗಬೇಕಾದ ಎಡೆಗೆ ತಾಗದಿದ್ದರೆ ಪ್ರಾಣಿ ಸಾಯಲು ಗಂಟೆಗಟ್ಟಲೆ ಬೇಕು. ಎರಡನೆಯ ಬಾಣ ಹೂಡಬೇಕೆಂದರೆ ಮತ್ತೆ ಬಿಲ್ಲಿಗೆ ಕಾಲು ಕೊಟ್ಟು ಹೆದೆ ಎಳೆಯಬೇಕು. ಅಷ್ಟರಲ್ಲಿ ಮೊಲ ಇನ್ನೊಂದು ಗುಡ್ಡದಲ್ಲಿರುತ್ತದೆ.

ಅಡ್ಡಬಿಲ್ಲು ಹೊಸದೇನೂ ಅಲ್ಲ. ಚೀನಾದ ಸೀಯಾನಿನ ಬಳಿ 1974ರಲ್ಲಿ ಬಾವಿ ತೋಡುವಾಗ ದೊರೆತ ಮಣ್ಣಿನ ಸೈನಿಕರ ಜೊತೆಗೆ ಇದರ ಕಂಚಿನ ಕುದುರೆಗಳು ಸಿಕ್ಕಿವೆ. ಎಂದರೆ ಎರಡು ಸಾವಿರ ವರ್ಷಗಳಿಗೂ ಹಿಂದಿನದು. ಯುರೋಪಿನಲ್ಲಿ 1139ರಲ್ಲಿ ಕ್ರೈಸ್ತ ಧರ್ಮಗುರುಗಳು ಸಭೆ ಸೇರಿ, ಕ್ರೈಸ್ತರ ಮೇಲೆ ಇದನ್ನು ಪ್ರಯೋಗಿಸಕೂಡದೆಂದು ಕಟ್ಟಳೆ ಮಾಡಿದರು. ಉಳಿದವರ ಗತಿಯೇನೆಂದು ಆ ಸಭೆಯಲ್ಲಿ ಯಾರೂ ಕೇಳಿದಂತಿಲ್ಲ! ನಮ್ಮ ದೇಶದಲ್ಲಿ ನಿಕೋಬಾರಿನವರಲ್ಲಿ ಇದು ಇತ್ತು. ಮಲಬಾರಿನಲ್ಲಿ ಇದರಿಂದ ಮೀನು ಹೊಡೆಯುತ್ತಿದ್ದರು. ಮದರಾಸು ಸರ್ಕಾರದ ಮೀನುಗಾರಿಕೆಯ ಇಲಾಖೆಯಲ್ಲಿ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ಎಂಬವರು 1924ರಲ್ಲಿ ದಕ್ಷಿಣ ಭಾರತದ ಊದುಕೊಳವೆ, ಎಸೆಗೋಲು, ಅಡ್ಡಬಿಲ್ಲುಗಳ ಮೇಲೆ ಒಂದು ಪ್ರಬಂಧವನ್ನೇ ಬರೆದಿದ್ದಾರೆ. ಆ ಕಾಲಕ್ಕೆ ವಿಶಾಖಪಟ್ಟಣವೂ ನಮ್ಮ ಮಂಗಳೂರೂ ಅದೇ ಮದರಾಸಿನ ಕೆಳಗೇ ಇದ್ದುವು. ಕನ್ನಡ ಸೀಮೆಯಲ್ಲಿ ಮಾತ್ರ ಬೇಟೆಗೆ ಬಳಸಿದ್ದು ನೆಟ್ಟನೆಯ ಬಿಲ್ಲು, ಕವಣೆ, ಬಲೆ, ಉರುಳು. ಹುಡುಗರ ಕೈಗೆ ಕ್ಯಾಟರ್‌ಬಿಲ್ಲು.

ಎಲ್ಲಕ್ಕಿಂತ ಹೆಚ್ಚಾಗಿ ನಾಯಿ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನಿಮ್ಮಲ್ಲಿ ಕೆಲವರು ಶಾಲೆಯಲ್ಲಿ ಓದಿರಬೇಕು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು, ಒಡೆಯನು ಮೆಚ್ಚಿ ಏನು ಬೇಕೆಂದಾಗ, ಊರನ್ನೋ ಹೊನ್ನನ್ನೋ ಕೇಳದೆ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತುವು. ಸುಮಾರು 950ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಾಯಗೊಂಡು ಓಡಿದ ಮೊಲವನ್ನು ಹುಡುಕಿ ತರುವುದು ನಾಯಿಯ ಕೆಲಸ. ನಮ್ಮ ಹುಡುಗರ ಜೊತೆ ಅದೂ ಇರಲಿಲ್ಲ.

"ನಮ್ಮೂರಾಗ ಯುಗಾದಿಗೆ ಎಲ್ಲಾರೂ ಹೋಗ್ತಿದ್ರು" ಎಂದು ಅವನು ಹೇಳಿದನು. ಸುಳ್ಳಲ್ಲ. ಯುಗಾದಿಯ ಸಮಯದಲ್ಲಿ ಊರ ಗಂಡಸರು ಕೂಡಿ ಮೊಲದ ಬೇಟೆಗೆ ಹೋಗುವ ರೂಢಿ ನಮ್ಮಲ್ಲಿ ಅನೇಕ ಕಡೆ ಇತ್ತು. ನಾವೂ ಚಿಕ್ಕಂದಿನಲ್ಲಿ ಹಿರಿಯರ ಹಿಂದೆ ದೊಣ್ಣೆ ಹಿಡಿದು ಓಡಿದವರೇ. ಬಲೆಯನ್ನು ಯಾವ ಹಳ್ಳದ ಬಾಯಿಗೆ ಕಟ್ಟಬೇಕು, ಕೂಗುತ್ತ ಬರುವವರು ಯಾವ ಕಡೆಯಿಂದ ಬರಬೇಕು ಎಂಬುದನ್ನು ಒಬ್ಬ ಮುದುಕಪ್ಪ ನಿರ್ಧರಿಸುತ್ತಿದ್ದನು. ಬೇಟೆ ಸಿಕ್ಕರೆ ಬಲೆಯವನಿಗಿಷ್ಟು, ನಾಯಿಯವನಿಗಿಷ್ಟು, ಬಾರದ ವಿಧವೆಯ ಮನೆಗೂ ಒಂದು ಪಾಲು. ಬಸುರಿ ಮೊಲ ಬಿದ್ದರೆ ಅದನ್ನು ಹೊಡೆದವನಿಗೆ ಆ ವರ್ಷವೆಲ್ಲ ಬೈಗುಳ. ಇದನ್ನೆಲ್ಲ ಹೊಗಳುತ್ತಿಲ್ಲ. ಆ ಬೇಟೆಗೆ ಊರಿನ ಕಣ್ಣು ಒಂದು ಇತ್ತು ಎಂದಷ್ಟೇ ಹೇಳುತ್ತಿದ್ದೇವೆ.

ಈ ಜಿಲ್ಲೆಯ ಬೆಟ್ಟದ ಜನರಲ್ಲಿಯೂ ಹೀಗೆಯೇ. ಇಲ್ಲಿಂದ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರದ ಅರಕು ಕಣಿವೆ, ಪಾಡೇರು ಕಡೆಗಳಲ್ಲಿ, ಎಂದರೆ 2022ರಲ್ಲಿ ಬೇರೆಯಾದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಲ್ಲಿ, ಚೈತ್ರದಲ್ಲಿ ಇಟುಕಲ ಪಂಡುಗ ಎಂಬ ಹಬ್ಬ ನಡೆಯುತ್ತದೆ. ತಿಂಗಳು ನಮ್ಮ ಯುಗಾದಿಯದೇ. ಗಂಡಸರು ಬಿಲ್ಲುಬಾಣ ಹಿಡಿದು ಕಾಡಿಗೆ ಹೋಗುವುದು ಆ ಹಬ್ಬದ ರೂಢಿ. ಬರಿಗೈಯಲ್ಲಿ ಹಿಂದಿರುಗಿದವರಿಗೆ ಹೆಂಗಸರು ಸೆಗಣಿನೀರು ಎರಚುತ್ತಾರೆ! ಪಕ್ಕದ ಕೋರಾಪುಟ್ ಸೀಮೆಯಲ್ಲಿಯೂ ಇಂಥದೇ ಚೈತ್ರದ ಹಬ್ಬ ಉಂಟು; ಅದು 1936ರಲ್ಲಿ ಒರಿಸ್ಸಾಕ್ಕೆ ಸೇರುವವರೆಗೆ ವಿಶಾಖಪಟ್ಟಣ ಜಿಲ್ಲೆಯ ಭಾಗವೇ ಆಗಿತ್ತು. ಇದೇ ಬೆಟ್ಟದ ಜನ 1922ರ ಆಗಸ್ಟಿನಲ್ಲಿ ಸೀತಾರಾಮರಾಜುವಿನ ಹಿಂದೆ ಹೋಗಿ ಚಿಂತಪಲ್ಲಿ ಮೊದಲಾದ ಪೊಲೀಸು ಠಾಣೆಗಳ ಬಂದೂಕುಗಳನ್ನು ಕಿತ್ತುಕೊಂಡರು. ಅವರಿಗೆ ಆ ಕಾಡು ಮನೆಯ ಹಿತ್ತಿಲು. ನಮ್ಮ ಹುಡುಗನಿಗೆ ಋಷಿಕೊಂಡದ ಹಿಂದಿನ ಗುಡ್ಡದ ಹೆಸರೂ ಗೊತ್ತಿರಲಿಲ್ಲ.

ಈಗ ಕಾಯಿದೆಯ ಮಾತಿಗೆ ಬರೋಣ. ಇಲ್ಲಿ ಗುಮಾಸ್ತ ಮಿತ್ರರ ಸಹಾಯ ದೊರೆಯಿತು. ಒಬ್ಬರು ಎರಡು ರಾತ್ರಿ ಕೂತು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಓದಿ ನಮಗೆ ವಿವರಿಸಿದರು. ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಒಡ್ಡುವುದು, ಅಟ್ಟುವುದು, ಗಾಯಪಡಿಸುವುದು, ಹಕ್ಕಿಯ ಮೊಟ್ಟೆ ತೆಗೆಯುವುದು, ಇವಕ್ಕೆ ಪ್ರಯತ್ನಿಸುವುದು ಕೂಡ ಬೇಟೆಯೇ. ಆದ್ದರಿಂದ "ಮೊಲ ಸಿಗಲೇ ಇಲ್ಲವಲ್ಲ" ಎಂಬುದು ಉತ್ತರವಾಗದು. ಆಯುಧವೆಂಬ ಮಾತಿನ ವಿವರಣೆಯಲ್ಲಿ ಬಂದೂಕಿನ ಜೊತೆಗೆ ಬಿಲ್ಲುಬಾಣ, ಬಲೆ, ಚೂರಿ, ಗಾಳದ ಕೊಕ್ಕೆ, ವಿಷ, ಉರುಳು ಎಲ್ಲವನ್ನೂ ಹೆಸರಿಸಿಯೇ ಬರೆದಿದ್ದಾರೆ. ಸಪ್ಪಳವಿದ್ದರೂ ಇಲ್ಲದಿದ್ದರೂ ಅಪರಾಧ ಒಂದೇ.

2022ರಲ್ಲಿ ತಿದ್ದಿದ ಮೇಲೆ ಸಾಧಾರಣ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಅಭಯಾರಣ್ಯದೊಳಗೆ ಬೇಟೆಯಾಡಿದರೆ ಮೂರು ವರ್ಷಕ್ಕೆ ಕಡಮೆಯಿಲ್ಲದ, ಏಳು ವರ್ಷದವರೆಗಿನ ಸೆರೆ, ಮೇಲೆ ಇಪ್ಪತ್ತೈದು ಸಾವಿರಕ್ಕೆ ಕಡಮೆಯಿಲ್ಲದ ದಂಡ. ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಯೆಂಡಾಡದ ಬಳಿ ಹೆದ್ದಾರಿ ದಾಟಿದರೆ ಕಂಬಾಲಕೊಂಡದ ಅಭಯಾರಣ್ಯ, ಸುಮಾರು ಎಪ್ಪತ್ತು ಚದರ ಕಿಲೋಮೀಟರು; ಒಂದು ಕಾಲಕ್ಕೆ ವಿಜಯನಗರಂ ಮಹಾರಾಜರ ವಶದಲ್ಲಿದ್ದ ಕಾಡು. 1977ರಲ್ಲಿ ತೆರೆದ ಮೃಗಾಲಯವನ್ನು ನೀವೆಲ್ಲ ಮಕ್ಕಳಿಗೆ ತೋರಿಸಿದ್ದೀರಿ, ಅದು ಇದರ ಮಗ್ಗುಲಲ್ಲೇ ಇರುವುದು. ಅಂದು ನಿಂತಿದ್ದ ಜಾಗ ಗಡಿಯ ಯಾವ ಕಡೆಗಿತ್ತೆಂದು ನಮ್ಮ ಹುಡುಗನನ್ನು ಕೇಳಿದರೆ ಅವನಿಗೆ ಹೇಳಲು ತಿಳಿಯಲಿಲ್ಲ. ಮೂರು ವರ್ಷದ ಸೆರೆಗೂ ಏಳು ವರ್ಷದ ಸೆರೆಗೂ ನಡುವೆ ಇದ್ದದ್ದು ಅವನಿಗೆ ಕಾಣದ ಒಂದು ಗೆರೆ.

ಇನ್ನೂ ಎರಡು ಸಂಗತಿ. ಅಪರಾಧಕ್ಕೆ ಬಳಸಿದ ವಾಹನವೂ ಆಯುಧವೂ ಸರ್ಕಾರದ ಸ್ವತ್ತಾಗುತ್ತವೆ. ಮೇಸ್ತ್ರಿಯ ಮೋಟಾರುಸೈಕಲಿಗೆ ಇನ್ನೂ ಸಾಲದ ಕಂತು ನಡೆಯುತ್ತಿದೆ! ಮತ್ತೆ, ಯಾರ ಬಳಿ ಕಾಡುಪ್ರಾಣಿಯ ಮಾಂಸ ಸಿಕ್ಕುತ್ತದೋ ಅವರು ಅದನ್ನು ಅಕ್ರಮವಾಗಿ ಇಟ್ಟುಕೊಂಡವರೆಂದೇ ನ್ಯಾಯಾಲಯ ಎಣಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಅವರದು. ಎಂಟು ಜನ ಒಂದು ಕೋಣೆಯಲ್ಲಿ ಒಂದೇ ಒಲೆಯ ಮೇಲೆ ಅಡಿಗೆ ಮಾಡಿಕೊಳ್ಳುವ ನಮ್ಮವರಲ್ಲಿ ಆ ಹೊಣೆ ಯಾರ ತಲೆಗೆ ಬಂದೀತು? ಬೇಟೆಗೆ ಹೋಗದೆ, ಪಾಳಿ ಮುಗಿಸಿ ಬಂದು ಹಸಿವಿನಲ್ಲಿ ಎರಡು ತುಂಡು ತಿಂದವನೂ ಠಾಣೆಯ ಮುಂದೆ ನಿಲ್ಲಬೇಕಾದೀತು. ಜಾಮೀನಿಗೆ ಈ ಊರಿನಲ್ಲಿ ಯಾರು ನಮ್ಮವರು? ತೆಲುಗಿನಲ್ಲಿ ಬರೆದ ಕಾಗದದ ಕೆಳಗೆ ಓದದೆ ಸಹಿ ಹಾಕುವವರು ನಾವು. ಊರಲ್ಲಿ ಹಣ ಬರಲಿಲ್ಲವೆಂದು ತಾಯಿ ಫೋನು ಮಾಡಿದಾಗ ಏನೆಂದು ಹೇಳುವುದು?

ಸಭೆಗೆ ಮುಂಚೆ ಒಬ್ಬ ಮಿತ್ರರು ನಮ್ಮನ್ನು ತಡೆದು, "ಬೇಡರ ಕಣ್ಣಪ್ಪನೇ ಶಿವನಿಗೆ ಬೇಟೆಯ ಮಾಂಸ ಎಡೆಯಿಟ್ಟನಲ್ಲ, ಅದೂ ಇದೇ ಆಂಧ್ರದ ಶ್ರೀಕಾಳಹಸ್ತಿಯಲ್ಲಿ?" ಎಂದರು. ಸರಿಯಾದ ಮಾತೇ. 1954ರಲ್ಲಿ ರಾಜಕುಮಾರರು ಮೊದಲ ಬಾರಿಗೆ ನಾಯಕರಾದದ್ದು ಆ ಕಥೆಯಲ್ಲಿ. ಅದೇ ವರ್ಷ ಅದೇ ಕಥೆಯನ್ನು ತೆಲುಗಿನಲ್ಲಿಯೂ ಅವರೇ ಅಭಿನಯಿಸಿದರು. ಆದರೆ ಕಣ್ಣಪ್ಪನಿಗೆ ಬೇಟೆ ಹೊಟ್ಟೆಪಾಡು. ನಮಗೆ ಭಾನುವಾರದ ಹೊತ್ತುಪಾಡು. ಕೋಳಿಮಾಂಸದ ಬೆಲೆ ಏರಿದೆಯೆಂಬುದೂ ನಿಜವೇ. ಆದರೂ ಆ ಅಡ್ಡಬಿಲ್ಲಿಗೆ ಹುಡುಗ ಕೊಟ್ಟ ದುಡ್ಡಿನಲ್ಲಿ ಎಷ್ಟು ಕೋಳಿ ಬರುತ್ತಿದ್ದುವೆಂದು ಅವನೇ ಲೆಕ್ಕ ಹಾಕಿ ಆಮೇಲೆ ನಕ್ಕನು.

ಅವನ ಪ್ರಶ್ನೆಗೆ ಅಂದು ರಾತ್ರಿ ಏನು ಹೇಳಿದೆವೆಂದು ನೀವು ಕೇಳುವಿರಿ. "ಇಲ್ಲ ತಮ್ಮಾ, ಉಳಿಯುವುದಿಲ್ಲ" ಎಂದೆವು. ಬೇರೆ ಹೇಳುವ ಮನಸ್ಸಿತ್ತು, ಆದರೆ ಬಾಯಿ ಬರಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ಹೋದನು. ಮರುವಾರ ಬಂದಾಗ ಹೆದೆಯನ್ನು ಕತ್ತರಿಸಿದ್ದೇನೆಂದು ಹೇಳಿದನು. ಜೊತೆಯವರಲ್ಲಿ ಒಬ್ಬ ಅದನ್ನು ಅರ್ಧ ಬೆಲೆಗೆ ಕೇಳಿದನಂತೆ, ಇವನು ಕೊಡಲಿಲ್ಲ. ಹಾಗೆ ಕೇಳಿದವನು ಈ ಸಭೆಯಲ್ಲಿಯೇ ಇದ್ದಾನೆ. ಅವನ ಕಡೆ ಯಾರೂ ತಿರುಗಿ ನೋಡಬೇಡಿ.

ಕಾಯಿದೆಯ ಪ್ರತಿಯನ್ನು ದಿನಪತ್ರಿಕೆಗಳ ಮೇಜಿನ ಮೇಲೆ ಇರಿಸಿದ್ದೇವೆ. ಓದಲು ಬಾರದವರಿಗೆ ಬುಧವಾರ ಸಂಜೆ ಓದಿ ಹೇಳಲಾಗುವುದು. ಯುಗಾದಿಗೆ ಊರಿಗೆ ಹೋಗುವವರು ನೆನಪಿಡಿ, ಈ ಕಾಯಿದೆ ಅಲ್ಲಿಯೂ ಇದೇ. ಊರಿಗೆ ಹೋಗಲಾಗದೆ ರಜೆಯಲ್ಲಿ ಅರಕು ನೋಡಲು ಹೋಗುವವರಿಗೆ ಒಂದು ಮಾತು: ಹಬ್ಬದ ದಿನಗಳಲ್ಲಿ ಅಲ್ಲಿಯ ಹೆಂಗಸರು ರಸ್ತೆಗೆ ಬಿದಿರಿನ ಗಳು ಅಡ್ಡ ಹಿಡಿದು ಗಾಡಿಗಳನ್ನು ನಿಲ್ಲಿಸಿ ಹಬ್ಬದ ಕಾಸು ಕೇಳುತ್ತಾರೆ. ಜಗಳವಾಡಬೇಡಿ. ಚಿಲ್ಲರೆ ಇಟ್ಟುಕೊಂಡು ಹೋಗಿ.