ಉಪ್ಪುನೀರಿನ ಫೆಟಾ

ಬೆಂಗಳೂರಿನ ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ದೊಡ್ಡ ಅಂಗಡಿಗಳ ಫ್ರಿಜ್ಜಿನಲ್ಲಿ ಈಗ ಪನೀರಿನ ಪಕ್ಕದಲ್ಲೇ ಫೆಟಾ ಎಂಬ ಚೀಸೂ ಇರುತ್ತದೆ. ನೋಡಲು ಎರಡೂ ಬೆಳ್ಳಗೆ. ಬಾಯಿಗಿಟ್ಟರೆ ಪನೀರು ಸಪ್ಪೆ, ಫೆಟಾ ಉಪ್ಪುಪ್ಪು, ಹುಳಿ. ಬೆರಳಲ್ಲಿ ಒತ್ತಿದರೆ ಪುಡಿಪುಡಿ.

ಪನೀರಿಗೆ ಕಾದ ಹಾಲನ್ನು ನಿಂಬೆಹುಳಿ ಹಿಂಡಿ ಒಡೆಸುತ್ತೇವೆ. ಫೆಟಾ ಮಾಡುವವರು ಬೆಚ್ಚಗಿನ ಹಾಲಿಗೆ ಹೆಪ್ಪಿನ ಜೊತೆ ರೆನ್ನೆಟ್ ಹಾಕುತ್ತಾರೆ. ಎಳೆಗರುವಿನ ಹೊಟ್ಟೆಯಲ್ಲಿ ಹಾಲನ್ನು ಗಟ್ಟಿ ಮಾಡುವ ಕಿಣ್ವ ಅದು. ಗಟ್ಟಿಯಾದದ್ದನ್ನು ಕೊಯ್ದು, ತೂತಿನ ಅಚ್ಚಿಗೆ ತುಂಬಿ, ನೀರು ಬಸಿದು, ಉಪ್ಪು ಸವರಿ, ಕೊನೆಗೆ ಉಪ್ಪುನೀರಿನಲ್ಲಿ ಮುಳುಗಿಸಿಡುತ್ತಾರೆ. ಮಲೆನಾಡಿನವರು ಅಪ್ಪೆಮಿಡಿಯನ್ನು ಭರಣಿಗೆ ಹಾಕಿದ ಹಾಗೆ. ಎರಡು ತಿಂಗಳಾದರೂ ಮಾಗಬೇಕು.

ಗ್ರೀಸಿನಲ್ಲಿ ಕುರಿಹಾಲಿನ ಚೀಸು ಬಹಳ ಹಳೆಯದು. ಹೋಮರನ ಒಡಿಸ್ಸಿಯಲ್ಲಿ ಒಕ್ಕಣ್ಣಿನ ರಾಕ್ಷಸ ಪಾಲಿಫೀಮಸ್ ಕುರಿ, ಮೇಕೆ ಕರೆದು, ಅರ್ಧ ಹಾಲು ಹೆಪ್ಪುಗಟ್ಟಿಸಿ ಬುಟ್ಟಿಗೆ ತುಂಬುತ್ತಾನೆ. ನರಭಕ್ಷಕನಾದರೂ ಹೈನುಗಾರಿಕೆಯಲ್ಲಿ ಅಚ್ಚುಕಟ್ಟು! 1494ರಲ್ಲಿ ಜೆರುಸಲೇಮ್ ಯಾತ್ರೆಗೆ ಹೊರಟ ಮಿಲಾನಿನ ಪಾದ್ರಿ ಪಿಯೆತ್ರೊ ಕಸೋಲ, ಕ್ರೀಟ್ ದ್ವೀಪದ ಉಗ್ರಾಣಗಳಲ್ಲಿ ಉಪ್ಪುನೀರಿನಲ್ಲಿ ತೇಲುತ್ತಿದ್ದ ಚೀಸು ಕಂಡು ಬರೆದಿಟ್ಟ.

ಹೆಸರು ಮಾತ್ರ ಗ್ರೀಸಿನದಲ್ಲ. ಇಟಾಲಿಯನ್ನಿನ 'ಫೆತ್ತ', ಅಂದರೆ ಹೋಳು, 17ನೇ ಶತಮಾನದಲ್ಲಿ ಗ್ರೀಕರ ಬಾಯಿಗೆ ಬಂತು. ಹೆಸರು ಯಾರದೆಂಬ ಜಗಳ ಹುಟ್ಟಿದ್ದೇ ಇಲ್ಲಿ. ನಮ್ಮ ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತು (ಜಿಐ) ಸಿಕ್ಕಾಗ ಊರು ಯಾವುದೆಂದು ಯಾರೂ ಕೇಳಬೇಕಿರಲಿಲ್ಲ, ಹೆಸರಿನಲ್ಲೇ ಇತ್ತು. ಫೆಟಾ ಯಾವ ಊರು? ಹಸುವಿನ ಹಾಲಿನಲ್ಲಿ ಫೆಟಾ ಮಾಡುತ್ತಿದ್ದ ಡೆನ್ಮಾರ್ಕ್, ಜರ್ಮನಿಗಳು ಇದು ಸಾಮಾನ್ಯ ಪದ ಎಂದು ವಾದಿಸಿದವು. 2005ರ ಅಕ್ಟೋಬರಿನಲ್ಲಿ ಯುರೋಪಿನ ನ್ಯಾಯಾಲಯ ಗ್ರೀಸಿನ ಪರ ನಿಂತಿತು. ಬೇರೆ ದೇಶದ ಫೆಟಾ ಡಬ್ಬಿಗಳ ಮೇಲೂ ಗ್ರೀಸನ್ನು ನೆನಪಿಸುವ ಚಿತ್ರಗಳಿದ್ದದ್ದು ಅವರಿಗೇ ತಿರುಗುಬಾಣವಾಯಿತು. ನನಗಂತೂ ತೀರ್ಪು ಸರಿ ಅನಿಸುತ್ತದೆ.

ಗ್ರೀಸಿನ ನಿಯಮದಂತೆ ಕುರಿಹಾಲು ಕನಿಷ್ಠ ಶೇ. 70 ಇರಬೇಕು, ಉಳಿದದ್ದು ಮೇಕೆಯದು. ನಮ್ಮ ಕಡೆ ಕುರಿ ಸಾಕುವುದು ಮಾಂಸಕ್ಕೆ, ಉಣ್ಣೆಗೆ. ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸುವುದೂ ಉಂಟು. ಚೀಸಿಗಾಗಿ ಕುರಿ ಕರೆಯುವ ರೂಢಿ ನಮ್ಮದಲ್ಲ. ಹಾಗಾಗಿ ಇಲ್ಲಿ ಸಿಗುವ ಫೆಟಾ ಬೇರೆ ಹಾಲಿನದೂ ಇರಬಹುದು; ಕೊಳ್ಳುವಾಗ ಡಬ್ಬಿ ತಿರುಗಿಸಿ ಯಾವ ಹಾಲೆಂದು ಓದಿ. ಉಪ್ಪು ಜಾಸ್ತಿ ಅನಿಸಿದರೆ ಸ್ವಲ್ಪ ಹೊತ್ತು ತಣ್ಣೀರಿನಲ್ಲಿ ನೆನೆಹಾಕಿ, ಸೌತೆಕಾಯಿ, ಟೊಮೆಟೊ ಜೊತೆ ತಿನ್ನಿ.