ಹುಣಸೆ ನೀರಿನಲ್ಲಿ ಗಾಳ

ಬೀದರ್ ದಾಟಿ ನ್ಯಾಲ್ಕಲ್ ಕಡೆ ಬಂದರೆ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಹೊಳೆ ಮಾತ್ರ ಒಂದೇ, ಮಂಜ್ರಾ. ಸಿಂಗೂರು ಅಣೆಕಟ್ಟಿನಲ್ಲಿ ನೀರು ನಿಂತಿತೆಂದರೆ ಗಾಳ ಹಾಕುವವರಿಗೆ ಸುಗ್ಗಿ.

ಮೊನ್ನೆ ಅಟ್ಟದ ಮೇಲಿನ ಡಬ್ಬಿಯಲ್ಲಿ ಕಾಕಾನ ಹಳೆಯ ಗಾಳಗಳು ಸಿಕ್ಕವು. ಚಮಚದಾಕಾರದ ಹಿತ್ತಾಳೆ ತಗಡು, ಬಾಲಕ್ಕೆ ಮೂರು ಕವಲಿನ ಉಕ್ಕಿನ ಕೊಕ್ಕೆ. ನೀರಲ್ಲಿ ಎಳೆದರೆ ತಗಡು ಹೊರಳಿ ಮಿನುಗುತ್ತದೆ. ಮರಿಮೀನೆಂದು ಕೊರಮೀನು ಬಾಯಿ ಹಾಕುತ್ತದೆ. ತೆಲಂಗಾಣದ ರಾಜ್ಯಮೀನಿಗೂ ಇಂಥ ಮೋಸ ತಿಳಿಯದು!

ನಾನು ಜಾಣತನ ಮಾಡಿ ಎಲ್ಲವನ್ನೂ ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ತುಕ್ಕೇನೋ ಹೋಗಿತ್ತು, ಜೊತೆಗೆ ಎರಡು ಕೊಕ್ಕೆಗಳ ಮೊನೆಯೂ ಸವೆದಿತ್ತು. ಆಮ್ಲ ತುಕ್ಕು ತಿಂದು ಮುಗಿಸಿ ಉಕ್ಕಿಗೆ ಕೈಹಾಕಿತ್ತು.

ಕಾಕಾ ನಕ್ಕ. "ತಾಮ್ರದ ತಂಬಿಗಿ ಹ್ಯಾಂಗ ತಿಕ್ಕತಿ? ಹುಣಸಿಹಣ್ಣು ತಾ," ಅಂದ.

ಹುಣಸೆಯದೂ ಆಮ್ಲವೇ, ಅದಕ್ಕೇ ರಾತ್ರಿಯಿಡೀ ಬಿಡಲಿಲ್ಲ. ಕಾಕಾ ಅರ್ಧ ಗಂಟೆಗೊಮ್ಮೆ ಎತ್ತಿ ನೋಡಿದ, ಹಳೆ ಬ್ರಷ್ಷಿನಿಂದ ಸಂದಿ ಉಜ್ಜಿದ. ಉಳಿದ ಹುಳಿ ಕೊಲ್ಲಲು ಅಡುಗೆ ಸೋಡಾ ಕಲಸಿದ ನೀರು. ಬಿಸಿಲಿನಲ್ಲಿ ಒಣಗಿಸಿ ಒಂದು ಹನಿ ಎಣ್ಣೆ. ಮೊನೆಗೆ ಸಣ್ಣ ಅರ, ಒಳಗಿನಿಂದ ತುದಿಯ ಕಡೆಗೆ. ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟರೆ ಜಾರಬಾರದು, ಕಚ್ಚಿ ನಿಲ್ಲಬೇಕು; ಅದೇ ಅವನ ಪರೀಕ್ಷೆ.

ತಗಡನ್ನು ಮಾತ್ರ ಪೂರ್ತಿ ಬೆಳಗಗೊಡಲಿಲ್ಲ. ಮಳೆಗಾಲದ ಕೆಂಪು ನೀರಿಗೆ ಹೊಳಪು ಬೇಕು, ಚಳಿಗಾಲದ ತಿಳಿನೀರಿಗೆ ಮಬ್ಬೇ ಸಾಕಂತೆ. ಮೊನೆ ಸವೆದ ಎರಡು ಕೊಕ್ಕೆಗಳನ್ನು ಕಾಗದದಲ್ಲಿ ಸುತ್ತಿ ಗುಜರಿಯವನಿಗೆ ಎತ್ತಿಟ್ಟೆ. ಉಳಿದವು ಕಿಟಕಿಯ ಸರಳಿಗೆ ನೇತಾಡುತ್ತಿವೆ, ಕೋಣೆ ತುಂಬ ಹುಣಸೆಯ ವಾಸನೆ.