ಹೊಳೆಯ ನಡುವಣ ಊರುಗಳು

ಕನಕದಾಸರ ಹೆಸರಿನಿಂದ ಪಾವನವಾದ ಕಾಗಿನೆಲೆಯ ಮಹಾಜನರೆ,

ವರದೆಯು ದಂಡೆ ಮೀರಿ ಗೋವಿನಜೋಳದ ಹೊಲಗಳನ್ನು ನುಂಗುವುದನ್ನು ಕಣ್ಣಾರೆ ಕಂಡ ಸೀಮೆಯವರು ನೀವಾದ್ದರಿಂದ, ಪ್ರವಾಹವೆಂದರೇನೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ದ್ವೀಪವೆಂದೊಡನೆ ನಮ್ಮ ಮನಸ್ಸು ಏರುತ್ತಿರುವ ಕಡಲಿಗೆ ಅಂಜಿ ಕುಳಿತ ಮಾಲ್ದೀವ್ಸಿನತ್ತ ಧಾವಿಸುವುದು ಸಹಜವೇ. ಆದರೆ ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ, ಲಿಂಗಸುಗೂರಿನ ಕಡೆಯ ಕರಕಲಗಡ್ಡಿ, ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ, ಇವೂ ಕೃಷ್ಣೆಯ ಒಡಲಲ್ಲಿ ತಲೆಮಾರುಗಳಿಂದ ಒಕ್ಕಲು ನೆಲಸಿದ ನಡುಗಡ್ಡೆಗಳೇ ಆಗಿವೆ.

ಅಲ್ಲಿನ ಜನರ ಸಂಕಟದ ವೈಚಿತ್ರ್ಯವನ್ನು ಗಮನಿಸಿರಿ. ತಲೆಯ ಮೇಲಿನ ಮುಗಿಲು ಒಂದು ಹನಿಯನ್ನೂ ಉದುರಿಸದೆ ಹೊಲದ ತೊಗರಿ ಬಾಡುತ್ತಿರುವಾಗಲೂ, ದೂರದ ಮಹಾಬಳೇಶ್ವರದ ನೆತ್ತಿಯಲ್ಲಿ ಸುರಿದ ಮಳೆ ಆಲಮಟ್ಟಿ, ನಾರಾಯಣಪುರಗಳ ಜಲಾಶಯಗಳನ್ನು ತುಂಬಿ, ಕ್ರಸ್ಟ್ ಗೇಟುಗಳಿಂದ ಹೊರಬಿದ್ದು, ಇವರ ದಾರಿಯನ್ನು ಕತ್ತರಿಸಿಬಿಡುತ್ತದೆ. ಅರಬ್ಬೀ ಸಮುದ್ರ ಕಾದಷ್ಟೂ ಗಾಳಿ ಹೆಚ್ಚು ತೇವವನ್ನು ಹೊತ್ತು ತರುವುದರಿಂದ, ತಿಂಗಳಲ್ಲಿ ಹದವಾಗಿ ಬೀಳಬೇಕಾದ ಮಳೆ ನಾಲ್ಕಾರು ದಿನಗಳಲ್ಲಿಯೇ ಘಟ್ಟದ ಮೇಲೆ ಸುರಿಯುವ ಪ್ರಸಂಗಗಳು ಹೆಚ್ಚುತ್ತಿವೆ. 2009ರಲ್ಲಿ ಬರದ ಚಿಂತೆಯ ಬೆನ್ನಿಗೇ ಮಹಾಪೂರ ಬಂದಿತು; 2019ರ ಆಗಸ್ಟ್‌ನಲ್ಲಿ ಮತ್ತೆ ಬಂದಿತು.

ಇಂತಹ ಹೊಳೆಯನ್ನು ಅರಿತು ಬಾಳುವ ವಿದ್ಯೆ ಅವರಿಗೆ ಕರಗತವಾಗಿದೆ. ಬಿದಿರಿನ ಸೀಳುಗಳನ್ನು ದುಂಡಗೆ ಹೆಣೆದು, ಹಿಂದೆ ಚರ್ಮವನ್ನೂ ಈಗ ಡಾಂಬರು ಬಳಿದ ಹಾಳೆಯನ್ನೂ ಹೊದಿಸಿದ ಹರಿಗೋಲನ್ನು ಅಂಬಿಗನು ಎದುರು ದಂಡೆಗೆ ನೇರವಾಗಿ ಹಾಯಿಸುವುದಿಲ್ಲ. ಇಳಿಯಬೇಕಾದ ಜಾಗಕ್ಕಿಂತ ಎಷ್ಟೋ ಮೇಲಿನಿಂದ ಹೊರಟು, ಸೆಳವಿಗೆ ಅಡ್ಡಬೀಳದೆ, ಓರೆಯಾಗಿ ತೇಲಿಸಿಕೊಂಡು ಹೋಗಿ ಗುರಿ ಮುಟ್ಟಿಸುತ್ತಾನೆ. ಈ ವಿದ್ಯೆಯೇ ಅವರ ಗುರುತು, ಅವರ ಅಭಿಮಾನ.

2014ರ ಮಳೆಗಾಲದಲ್ಲಿ ನೀಲಕಂಠರಾಯನಗಡ್ಡಿಯ ತುಂಬುಗರ್ಭಿಣಿಯೊಬ್ಬಳು, ಹೆರಿಗೆಗೆ ಆಸ್ಪತ್ರೆ ಸೇರಲೆಂದು, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಬಂಧುಗಳೊಡನೆ ತುಂಬಿದ ಕೃಷ್ಣೆಯನ್ನು ಈಜಿ ದಾಟಿದಳು. ನಾಡು ಅದನ್ನು ಸಾಹಸವೆಂದು ಕೊಂಡಾಡಿತು. ಆ ತಾಯಿಯ ಧೈರ್ಯಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಹೆರಿಗೆಗೆ ಹೋಗುವವಳು ಹೊಳೆ ಈಜಬೇಕಾಗಿ ಬಂದುದು ನಾಡಿಗೆ ಲಜ್ಜಾಸ್ಪದವೆಂದು ಹೇಳದೆ ಇರಲಾರೆ. ಜನರ ಸಹನಶಕ್ತಿಯನ್ನು ಹೊಗಳುವ ನಾಲಗೆ, ಅದೇ ಹೊಗಳಿಕೆಯ ಮರೆಯಲ್ಲಿ, ಕಟ್ಟಬೇಕಾದ ಸೇತುವೆಯನ್ನು ಮರೆತುಬಿಡುವುದುಂಟು.

ಸೇತುವೆಯ ಬದಲು “ಊರು ಬಿಟ್ಟು ಬರಲಿ” ಎನ್ನುವುದು ಸುಲಭ. ದಂಡೆಯ ಮೇಲೆ ಮನೆ ಕಟ್ಟಿಕೊಟ್ಟರೂ, ಹೊಲ ನಡುಗಡ್ಡೆಯಲ್ಲಿಯೇ ಉಳಿಯುವುದರಿಂದ, ಬಿತ್ತುವುದಕ್ಕೂ ಕಳೆ ತೆಗೆಯುವುದಕ್ಕೂ ಆ ಒಕ್ಕಲಿಗನು ಅದೇ ಹೊಳೆಯನ್ನು, ಈ ಬಾರಿ ಆಚೆಯಿಂದ, ನಿತ್ಯವೂ ದಾಟಬೇಕಾಗುತ್ತದೆ.